ಒಡೆದ ಹಿಮ್ಮಡಿಗೆ ಎರಡು ಸಾವಿರ ವರ್ಷದ ಮುಲಾಮು

ರಾಜರ ಕಿರೀಟ, ಖಡ್ಗಗಳ ಬಗ್ಗೆ ಪುಟಗಟ್ಟಲೆ ಬರೆದ ಚರಿತ್ರೆಕಾರರು ಕಾಲಿನ ಹಿಮ್ಮಡಿ ಕಡೆ ನೋಡಿದ್ದು ಕಮ್ಮಿ. ಆದರೆ ಸಾಮ್ರಾಜ್ಯ ಕಟ್ಟಲು ಹೊರಟ ಸೈನಿಕ ನಡೆದದ್ದು ಹಿಮ್ಮಡಿಯ ಮೇಲೆ. ಅವನಿಗೆ ಅನ್ನ ಬೆಳೆದವಳು ಕೆಸರಿನಲ್ಲಿ ನಿಂತದ್ದೂ ಅದರ ಮೇಲೇ. ಅದು ಒಡೆಯುತ್ತಿತ್ತು, ರಕ್ತ ಜಿನುಗುತ್ತಿತ್ತು, ರಾತ್ರಿ ಕಂಬಳಿಯ ನೂಲಿಗೆ ಸಿಕ್ಕಿ ಚುರ್ ಅನ್ನುತ್ತಿತ್ತು. ಇವತ್ತು ನಾವು ಸಾಕ್ಸ್ ಹಾಕ್ಕೊಂಡು ಆಫೀಸಿಗೆ ಹೋಗ್ತೀವಿ, ಪಕ್ಕದ ಸೀಟಿನವರ ಹಿಮ್ಮಡಿ ಹೇಗಿದೆ ಅಂತ ಯಾರಿಗೂ ಗೊತ್ತಾಗಲ್ಲ. ನೋವು ಮಾತ್ರ ಹಳೇದೇ.

ಈ ನೋವಿಗೆ ಮನೆಮದ್ದು ಹುಡುಕಿದ ಚರಿತ್ರೆ ತುಂಬ ಸ್ವಾರಸ್ಯವಾಗಿದೆ. ಯಾಕಂದ್ರೆ ಮದ್ದು ಸಿಕ್ಕಿದ್ದು ಎರಡು ಸಾವಿರ ವರ್ಷದ ಹಿಂದೆ, ಅದು ಯಾಕೆ ಕೆಲಸ ಮಾಡತ್ತೆ ಅಂತ ಸರಿಯಾಗಿ ಗೊತ್ತಾಗಿದ್ದು ಮೊನ್ನೆ ಮೊನ್ನೆ.

ಸುಶ್ರುತ ಸಂಹಿತೆಯಲ್ಲಿ 'ಪಾದದಾರಿ' ಅಂತ ಒಂದು ಕಾಯಿಲೆಯ ವಿವರಣೆ ಇದೆ. ಅದನ್ನು ಸಣ್ಣ ರೋಗಗಳ ಪಟ್ಟಿಗೆ ಸೇರಿಸಿದ್ದಾರೆ. ಕಾರಣವಾಗಿ ಪಾಪವನ್ನೋ ಗ್ರಹಚಾರವನ್ನೋ ಹೇಳಿಲ್ಲ. ತುಂಬ ನಡೆಯುವವರ ಪಾದ ವಾತದಿಂದ ಒಣಗಿ, ನೋವಿನ ಬಿರುಕು ಬಿಡುತ್ತದೆ ಅಂತ ನೇರವಾಗಿ ಹೇಳಿದೆ. 'ವಾತ' ಅನ್ನೋ ಪದವನ್ನು ಪಕ್ಕಕ್ಕಿಟ್ಟು ಓದಿದರೆ, ಇದು ದುಡಿಮೆಯಿಂದ ಬರುವ ಕಾಯಿಲೆ ಅಂತ ಆ ವೈದ್ಯರು ಕಂಡುಕೊಂಡಿದ್ದರು. ಚಿಕಿತ್ಸೆಯಲ್ಲಿ ರಕ್ತ ತೆಗೆಯೋದನ್ನೂ ಸೇರಿಸಿದ್ದಾರೆ, ಅದನ್ನು ನಾವು ಬಿಟ್ಟುಬಿಡೋಣ. ಆಮೇಲೆ ಶಾಖ, ಎಣ್ಣೆ ತಿಕ್ಕುವುದು, ಕೊನೆಗೆ ಒಂದು ಲೇಪ. ಲೇಪದಲ್ಲಿ ಜೇನುಮೇಣ, ಪ್ರಾಣಿಯ ಕೊಬ್ಬು, ತುಪ್ಪ, ಸರ್ಜರಸ ಅನ್ನೋ ಮರದ ರಾಳ, ಜೊತೆಗೆ ಕಾವಿಮಣ್ಣು, ಯವಕ್ಷಾರ. ಚರಕ ಸಂಹಿತೆ ಕೈಕಾಲು ಒಡೆಯುವುದನ್ನು 'ವಿಪಾದಿಕಾ' ಅಂತ ಕರೆದು ಬೇರೆಯೇ ಗಿಡಮೂಲಿಕೆಗಳ ಪಟ್ಟಿ ಕೊಡುತ್ತದೆ. ಅಲ್ಲೂ ಕೊನೆಗೆ ಬಂದು ಸೇರೋದು ಅದೇ ರಾಳ, ಅದೇ ಜೇನುಮೇಣ.

ಎರಡನೇ ಶತಮಾನದಲ್ಲಿ ರೋಮಿನ ವೈದ್ಯ ಗೇಲನ್ ಕೂಡ ಜೇನುಮೇಣ ಕರಗಿಸಿ, ಆಲಿವ್ ಎಣ್ಣೆ ಸೇರಿಸಿ, ಅದಕ್ಕೆ ನೀರು ಕಲಸಿ ಚರ್ಮದ ಮುಲಾಮು ಮಾಡಿದ. ಕೋಲ್ಡ್ ಕ್ರೀಮಿನ ಮೂಲಪುರುಷ ಅಂತ ಅವನನ್ನೇ ಹೇಳೋದು. ಅವನ ಪಾಕದಲ್ಲಿದ್ದ ನೀರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರತ್ತೆ.

ಸಂಸ್ಕೃತ ಗೊತ್ತಿಲ್ಲದ ಮನೆಗಳಲ್ಲೂ ಮದ್ದು ಇತ್ತು. ನಮ್ಮ ಮಲೆನಾಡಿನ ಕಡೆ ಮುರುಗಲು ಅಥವಾ ಉಪ್ಪಾಗೆ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸ್ತಾರೆ. ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆದು ಆರಲು ಬಿಟ್ಟರೆ ಗಟ್ಟಿಯಾಗತ್ತೆ. ಅದನ್ನು ಉಂಡೆ ಕಟ್ಟಿ ಇಡೋದು. ಮಳೆಗಾಲ ಮುಗಿದು ಚಳಿ ಶುರುವಾದಾಗ ಅಮ್ಮಂದಿರು, ಅಜ್ಜಿಯಂದಿರು ರಾತ್ರಿ ಒಲೆ ಮುಂದೆ ಕೂತು ಆ ಉಂಡೆಯನ್ನು ಬಿಸಿ ತಾಗಿಸಿ ಹಿಮ್ಮಡಿಗೆ ಉಜ್ಜಿಕೊಳ್ತಿದ್ದರು. ಮುರುಗಲ ತುಪ್ಪ ಕರಗೋದು ಹೆಚ್ಚುಕಮ್ಮಿ ಮೈಬಿಸಿಯ ಹತ್ತಿರದ ಶಾಖದಲ್ಲಿ. ಹಾಗಾಗಿ ಎಣ್ಣೆ ಹಾಗೆ ಹರಿದು ಹೋಗಲ್ಲ, ಬಿರುಕಿನಲ್ಲಿ ಕೂತಿರತ್ತೆ. ಬಯಲುಸೀಮೆಯಲ್ಲಿ ಹರಳೆಣ್ಣೆ, ಬೇವಿನೆಣ್ಣೆ, ಇನ್ನು ಕೆಲವು ಮನೆಗಳಲ್ಲಿ ಕೊಬ್ಬರಿ ಎಣ್ಣೆಗೆ ಮೇಣದ ಬತ್ತಿ ಕರಗಿಸಿ ಹಚ್ಚೋದು. ಮನೆಮದ್ದೆಲ್ಲ ಒಳ್ಳೇದೇ ಅಂತಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವವರೂ ಇದ್ದರು. ಅದು ಚರ್ಮವನ್ನು ಸುಟ್ಟು ಬೊಬ್ಬೆ ಬರಿಸುವ ಪದಾರ್ಥ, ಅದನ್ನು ಮಾತ್ರ ಮುಟ್ಟಬೇಡಿ.

ಉಜ್ಜುವ ಕಲ್ಲಿಗೂ ಚರಿತ್ರೆ ಇದೆ. ತಕ್ಷಶಿಲೆಯ ಉತ್ಖನನದಲ್ಲಿ ಮೈ ತಿಕ್ಕುವ ಸುಟ್ಟಮಣ್ಣಿನ ಉಜ್ಜುಗಗಳು ಸಿಕ್ಕಿವೆ. ನಮ್ಮ ಬಚ್ಚಲುಮನೆಯ ಒರಟು ಕಲ್ಲು ಅದೇ ವಂಶದ್ದು. ಸೂಪರ್ ಮಾರ್ಕೆಟ್ಟಿನಲ್ಲಿ ಪ್ಯೂಮಿಸ್ ಸ್ಟೋನ್ ಅಂತ ಹಿಡಿಕೆ ಹಾಕಿ ಮಾರೋದೂ ಆ ಮನೆತನಕ್ಕೇ ಸೇರಿದ್ದು.

ಈಗ 1859ಕ್ಕೆ ಬರೋಣ. ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಬಾವಿ ಕೊರೆದಾಗ ಪೆಟ್ರೋಲಿಯಂ ಸಿಕ್ಕಿತು. ರಾಬರ್ಟ್ ಚೀಸ್‌ಬ್ರೋ ಅನ್ನೋ 22 ವರ್ಷದ ರಸಾಯನಶಾಸ್ತ್ರಜ್ಞ ಅಲ್ಲಿಗೆ ಹೋದ. ಪಂಪಿನ ಸರಳಿಗೆ ಅಂಟಿಕೊಳ್ಳುತ್ತಿದ್ದ ಕಪ್ಪು ಮೇಣ ಯಂತ್ರಕ್ಕೆ ದೊಡ್ಡ ತಲೆನೋವಾಗಿತ್ತು. ಆದರೆ ಕೂಲಿಕಾರರು ಅದನ್ನೇ ತೆಗೆದು ಸುಟ್ಟಗಾಯಕ್ಕೆ, ಕೊಯ್ದ ಗಾಯಕ್ಕೆ ಹಚ್ಚಿಕೊಳ್ತಿದ್ದರು. ಚೀಸ್‌ಬ್ರೋ ವರ್ಷಗಟ್ಟಲೆ ಕೂತು ಅದನ್ನು ಶುದ್ಧ ಮಾಡಿದ. ತನ್ನ ಮೈಯನ್ನೇ ಸುಟ್ಟುಕೊಂಡು, ಕೊಯ್ದುಕೊಂಡು ಪರೀಕ್ಷೆ ಮಾಡಿದ. 1872ರಲ್ಲಿ 'ವ್ಯಾಸಲೀನ್' ಹೆಸರಿನಲ್ಲಿ ಪೇಟೆಂಟ್ ಪಡೆದ. ಹೆಸರು, ಹಣ ಎರಡೂ ಅವನಿಗೆ ಬಂತು. ಮೊದಲು ಹಚ್ಚಿ ನೋಡಿದ ಕೂಲಿಕಾರರ ಹೆಸರು ಯಾವ ಪೇಟೆಂಟಿನಲ್ಲೂ ಇಲ್ಲ. ಮುರುಗಲ ತುಪ್ಪ ಕಂಡುಹಿಡಿದ ಅಜ್ಜಿಯ ಹೆಸರೂ ಎಲ್ಲೂ ಇಲ್ಲ ಬಿಡಿ.

ಇಷ್ಟಾದರೂ ಎಲ್ಲರ ನಂಬಿಕೆ ಒಂದೇ ಆಗಿತ್ತು. ಚರ್ಮ ಒಣಗಿದೆ ಅಂದ್ರೆ ಜಿಡ್ಡು ಕಮ್ಮಿಯಾಗಿದೆ, ಜಿಡ್ಡು ತುಂಬಿದರೆ ಸರಿಹೋಗತ್ತೆ. ಇದನ್ನು ಅಲುಗಾಡಿಸಿದವನು ಅಮೆರಿಕದ ಇರ್ವಿನ್ ಬ್ಲ್ಯಾಂಕ್. 1952ರಲ್ಲಿ ಪ್ರಕಟವಾದ ಅವನ ಪ್ರಯೋಗ ಎಷ್ಟು ಸರಳ ಅಂದ್ರೆ ಹೈಸ್ಕೂಲ್ ಲ್ಯಾಬಿನಲ್ಲೂ ಮಾಡಬಹುದು. ಅಂಗಾಲಿನ ದಪ್ಪ ಚರ್ಮದ ಚೂರುಗಳನ್ನು ತಗೊಂಡು ಒಣಗಿಸಿದ. ಅವು ಹಪ್ಪಳದ ಹಾಗೆ ಗರಿಗರಿಯಾದವು. ಎಣ್ಣೆಯಲ್ಲಿ, ಜಿಡ್ಡಿನಲ್ಲಿ ಮುಳುಗಿಸಿಟ್ಟ. ಏನೂ ಆಗಲಿಲ್ಲ, ಗಟ್ಟಿಯಾಗೇ ಉಳಿದವು. ನೀರು ಕೊಟ್ಟ, ಮೆತ್ತಗಾದವು.

ಅಂದ್ರೆ ಚರ್ಮವನ್ನು ಮೃದು ಮಾಡೋದು ನೀರು. ಜಿಡ್ಡಿನ ಕೆಲಸ ಆ ನೀರು ಆರಿಹೋಗದ ಹಾಗೆ ಮುಚ್ಚಳ ಹಾಕೋದು. ನಮ್ಮ ಪಾದದಡಿಯ ಚರ್ಮದಲ್ಲಿ ಜಿಡ್ಡು ಒಸರುವ ಗ್ರಂಥಿಗಳೇ ಇಲ್ಲ, ಹಾಗಾಗಿ ಅಲ್ಲಿಗೆ ಹೊರಗಿನಿಂದಲೇ ಮುಚ್ಚಳ ಬೇಕು. ಒಣಗಿ ದಪ್ಪಗಾದ ಹಿಮ್ಮಡಿಯ ಮೇಲೆ ಮೈಭಾರ ಬಿದ್ದಾಗ ಒಳಗಿನ ಮೆತ್ತೆ ಪಕ್ಕಕ್ಕೆ ಹಿಗ್ಗತ್ತೆ. ಮೇಲಿನ ಚರ್ಮ ಹಿಗ್ಗಲಾರದೆ ಬೇಸಿಗೆಯ ಕೆರೆಯಂಗಳದ ಹಾಗೆ ಸೀಳತ್ತೆ. ಗೇಲನ್ ನೀರು ಕಲಸಿದ್ದು, ಅಜ್ಜಿ 'ಕಾಲು ತೊಳ್ಕೊಂಡು ಹಚ್ಕೋ' ಅಂದದ್ದು ಯಾಕೆ ಸರಿ ಅಂತ ಈಗ ಗೊತ್ತಾಯ್ತಲ್ಲ?

ಇನ್ನೊಂದು ತಿರುವು ಬಾಕಿ ಇದೆ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದ. ಅಲ್ಲಿಯವರೆಗೆ ಅದು ಮೂತ್ರದಲ್ಲಿ ಸಿಗುವ ಪದಾರ್ಥವಾಗಿತ್ತು. ಮುಂದೆ ಅದು ಕಾರ್ಖಾನೆಗೆ ಹೋಯ್ತು, ನಮ್ಮ ಗದ್ದೆಗೂ ಬಂತು. 1968ರಲ್ಲಿ ಸ್ವೀಡನ್ನಿನ ಚರ್ಮವೈದ್ಯ ಗುನ್ನಾರ್ ಸ್ವಾನ್‌ಬೆಕ್, ಚರ್ಮ ದಪ್ಪಗಟ್ಟುವ ಕಾಯಿಲೆಗಳಿಗೆ ಯೂರಿಯಾ ಕ್ರೀಮ್ ಬಳಸಿದ್ದರ ಬಗ್ಗೆ ಬರೆದರು. ಯೂರಿಯಾ ನೀರನ್ನು ಹಿಡಿದಿಡತ್ತೆ, ಪ್ರಮಾಣ ಹೆಚ್ಚಿದರೆ ಗಟ್ಟಿ ಚರ್ಮವನ್ನು ಸಡಿಲಿಸತ್ತೆ. ಅಪ್ಪ ಹೆಗಲ ಮೇಲೆ ಹೊತ್ತು ತರುತ್ತಿದ್ದ ಗೊಬ್ಬರದ ಮೂಟೆಯಲ್ಲೂ, ಇವತ್ತು ಮೆಡಿಕಲ್ ಶಾಪಿನ ಸಣ್ಣ ಟ್ಯೂಬಿನಲ್ಲೂ ಇರೋದು ಅದೇ ಅಣು. ಹಾಗಂತ ಗೊಬ್ಬರ ಕಲಸಿ ಕಾಲಿಗೆ ಹಚ್ಚಬೇಡಿ ಮತ್ತೆ, ಅದು ಚರ್ಮಕ್ಕಾಗಿ ಮಾಡಿದ್ದಲ್ಲ. ಹಳೇ ರಾಳವೂ ಎಲ್ಲಿಗೂ ಹೋಗಿಲ್ಲ. ಬೆಂಗಳೂರಿನ ಹಿಮಾಲಯ ಕಂಪನಿಯ ಪಾದದ ಕ್ರೀಮಿನ ಡಬ್ಬಿ ತಿರುಗಿಸಿ ಓದಿ, ಸಾಲ ಮರದ ಹೆಸರು ಇರತ್ತೆ. ಸರ್ಜರಸ ಅಂತ ಸಾಮಾನ್ಯವಾಗಿ ಗುರುತಿಸೋದು ಆ ಮರದ ರಾಳವನ್ನೇ.

ಇಷ್ಟೆಲ್ಲ ಮುಲಾಮಿನ ಕಥೆಯಾಯ್ತು. ಆದರೆ ಹಿಮ್ಮಡಿ ಯಾರದ್ದು ಒಡೆಯುತ್ತಿತ್ತು ಅನ್ನೋದೂ ಚರಿತ್ರೆಯೇ. ನಮ್ಮ ನಾಡಿನ ಎಷ್ಟೋ ಹಳ್ಳಿಗಳಲ್ಲಿ ದಲಿತರು ಮೇಲ್ಜಾತಿಯವರ ಕೇರಿಯಲ್ಲಿ ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ, ಕೈಯಲ್ಲಿ ಹಿಡಿದು ದಾಟಬೇಕಿತ್ತು. ಚಪ್ಪಲಿ ಹೊಲಿದವರ ಕಾಲೇ ಬರಿಗಾಲು. ದುಡಿಯುವ ಹೆಂಗಸರಿಗೆ ದಿನಾ ಕೆಸರು, ಬಚ್ಚಲ ನೀರು, ಆಮೇಲೆ ಬಿಸಿಲು. ನೆನೆಯೋದು, ಒಣಗೋದು, ಮತ್ತೆ ನೆನೆಯೋದು. ಚರ್ಮ ಒಡೆಯೋಕೆ ಇದಕ್ಕಿಂತ ಇನ್ನೇನು ಬೇಕು? ಸುಶ್ರುತ ಇದನ್ನು ಸಣ್ಣ ರೋಗ ಅಂದದ್ದು ವೈದ್ಯಶಾಸ್ತ್ರದ ಲೆಕ್ಕದಲ್ಲಿ ಸರಿ ಇರಬಹುದು. ಆ ಕಾಲಲ್ಲೇ ಮಾರನೇ ದಿನ ನಾಟಿಗೆ ಇಳಿಯಬೇಕಾದವಳಿಗೆ ಅದು ಸಣ್ಣದಾಗಿರಲಿಲ್ಲ.

ನಮ್ಮ ಹಿಮ್ಮಡಿ ಒಡೆಯೋಕೆ ಕಾರಣ ಬೇರೆ. ಎಸಿ ಗಾಳಿ, ಕುದಿಯೋ ಬಿಸಿನೀರಿನ ಸ್ನಾನ, ಟೈಲ್ಸ್ ಮೇಲೆ ಬರಿಗಾಲು, ಹಿಂದೆ ಪಟ್ಟಿ ಇಲ್ಲದ ಚಪ್ಪಲಿ. ಮದ್ದು ಮಾತ್ರ ಅದೇ ಹಳೇ ಕ್ರಮದ್ದು, ಈಗ ಕಾರಣ ಗೊತ್ತಿದ್ದೇ ಮಾಡಬಹುದು. ಉಗುರುಬೆಚ್ಚಗಿನ ನೀರಲ್ಲಿ 15 ನಿಮಿಷ ಕಾಲು ಇಡಿ. ಗಟ್ಟಿ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಬಿರುಕಿನ ಮೇಲೆ ಬೇಡ. ಬ್ಲೇಡ್ ಅಂತೂ ಬೇಡವೇ ಬೇಡ. ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ ಶೇಕಡ 10ರಿಂದ 25ರಷ್ಟು ಯೂರಿಯಾ ಇರುವ ಕ್ರೀಮ್ ಹಚ್ಚಿ. ಬಿರುಕು ಹಸಿಗಾಯವಾಗಿದ್ದರೆ ಯೂರಿಯಾ ಉರಿಯತ್ತೆ, ಅಲ್ಲಿಗೆ ವ್ಯಾಸಲೀನ್ ಸಾಕು. ಮೇಲೆ ವ್ಯಾಸಲೀನೋ ಮುರುಗಲ ತುಪ್ಪವೋ ಬಳಿದು, ಹತ್ತಿ ಸಾಕ್ಸ್ ಹಾಕಿ ಮಲಗಿ. ಒಂದು ರಾತ್ರಿಗೆ ನಿಲ್ಲಿಸಬೇಡಿ, ಕೆಲವು ವಾರ ಬಿಡದೆ ಮಾಡಿ. ಕಡಿಮೆಯಾಗದಿದ್ದರೆ ಅದು ಫಂಗಸ್ಸೋ ಸೋರಿಯಾಸಿಸ್ಸೋ ಇರಬಹುದು, ಡಾಕ್ಟರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಮೇಲಿನ ಸಾಲುಗಳು ಅನ್ವಯಿಸಲ್ಲ. ಅವರ ಪಾದಕ್ಕೆ ನೋವು, ಬಿಸಿ ಗೊತ್ತಾಗದೆ ಹೋಗಬಹುದು. ಸಣ್ಣ ಬಿರುಕು ಕೀವು ಹಿಡಿದು, ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಮಟ್ಟಕ್ಕೆ ಹೋಗಬಹುದು. ಅವರು ನೀರಲ್ಲಿ ನೆನೆಸೋದು, ಕಲ್ಲಲ್ಲಿ ಉಜ್ಜೋದು ಬಿಟ್ಟು ನೇರ ಡಾಕ್ಟರ್ ಹತ್ತಿರ ಹೋಗಬೇಕು. ಊರಲ್ಲಿರುವ ಅಪ್ಪ ಅಮ್ಮನಿಗೆ ಸಕ್ಕರೆ ಇದ್ದರೆ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಿದ ಮೇಲೆ ಹಿಮ್ಮಡಿ ಹೇಗಿದೆ ಅಂತಲೂ ಕೇಳಿ. 'ಏನೂ ಇಲ್ಲ, ಚೆನ್ನಾಗಿದೆ' ಅಂತಲೇ ಹೇಳ್ತಾರೆ. ಅದನ್ನು ನಂಬಬೇಡಿ, ಮುಂದಿನ ಸಲ ಹೋದಾಗ ಕೂರಿಸಿ ಕಾಲು ನೋಡಿ.