ಲಗ್ನಪತ್ರಿಕೆ, ಕ್ಯೂಆರ್ ಕೋಡು ಮತ್ತು ರೈಸ್ ಸಾಹೇಬರು

ಹೋದ ವರ್ಷ ತಂಗಿಯ ಮದುವೆ. ಗಂಡಿನ ಕಡೆಯವರು ಹೊಳೆನರಸೀಪುರದವರು, ಛತ್ರ ಚನ್ನರಾಯಪಟ್ಟಣದಲ್ಲಿ, ಲಗ್ನಪತ್ರಿಕೆ ಪ್ರಿಂಟಿಗೆ ಕೊಟ್ಟಿದ್ದು ಹಾಸನದಲ್ಲಿ. ಮನೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂತ ಒಬ್ಬ ಇದ್ದಮೇಲೆ ಸುಮ್ಮನಿರೋಕಾಗುತ್ತಾ? ಛತ್ರದ ದಾರಿ ತೋರಿಸೋ ಮ್ಯಾಪಿಗೆ ಒಂದು ಕ್ಯೂಆರ್ ಕೋಡ್ ಮಾಡಿ ಪತ್ರಿಕೆಯ ಮೂಲೆಯಲ್ಲಿ ಹಾಕಿಸಿದೆ. ಎರಡು ವಾರ ಕಳೆದಿರಬೇಕು, ಅರಕಲಗೂಡಿನಿಂದ ಸೋದರಮಾವ ಫೋನ್ ಮಾಡಿದರು. "ಏನೋ ಇದು, ಸ್ಕ್ಯಾನ್ ಮಾಡಿದ್ರೆ ದುಡ್ಡು ಕಟ್ಟಿ ಅಂತದಲ್ಲೋ! ಮುಯ್ಯಿನೂ ಮುಂಚೇನೇ ವಸೂಲಿ ಮಾಡ್ತಿದ್ದೀರೇನೋ?"

ಮಾನ ಹೋಯ್ತು ಅಂದುಕೊಂಡೆ. ಆಗಿದ್ದು ಇಷ್ಟು. ನಾನು ಬಳಸಿದ ಪುಕ್ಕಟೆ ವೆಬ್‌ಸೈಟು ಕೊಟ್ಟಿದ್ದು 'ಡೈನಮಿಕ್' ಕೋಡ್. ಅಂದರೆ ಆ ಚೌಕದೊಳಗೆ ಇದ್ದದ್ದು ನನ್ನ ಮ್ಯಾಪಿನ ವಿಳಾಸವಲ್ಲ, ಅವರ ಸೈಟಿನ ಒಂದು ಪುಟ್ಟ ವಿಳಾಸ. ಅದು ಜನರನ್ನು ನನ್ನ ಮ್ಯಾಪಿಗೆ ದಾಟಿಸುತ್ತಿತ್ತು. ಹದಿನಾಲ್ಕು ದಿನದ ಟ್ರಯಲ್ ಮುಗಿದ ಕೂಡಲೇ ದಾಟಿಸೋದು ನಿಂತು ಚಂದಾ ಕೇಳೋ ಪುಟ ಬಂತು. ಕಾಗದದ ಮೇಲಿನ ಮಸಿ ಹಾಗೇ ಇತ್ತು, ಅದು ತೋರಿಸುತ್ತಿದ್ದ ಜಾಗ ಮಾತ್ರ ಮಾಯ! ಈ ಅವಮಾನದಲ್ಲೇ ಕೂತು ಕ್ಯೂಆರ್ ಕೋಡಿನ ಚರಿತ್ರೆ ಓದಿದೆ.

ಇದು ಹುಟ್ಟಿದ್ದು 1994ರಲ್ಲಿ, ಜಪಾನಿನಲ್ಲಿ. ಕಾರಿನ ಬಿಡಿಭಾಗ ಮಾಡುವ ಡೆನ್ಸೊ ಕಂಪನಿಯಲ್ಲಿ ಮಸಾಹಿರೋ ಹಾರಾ ಅನ್ನೋ ಇಂಜಿನಿಯರ್ ಮತ್ತು ಅವರ ಜೊತೆಗಾರರು ಮಾಡಿದ್ದು. ಹಳೇ ಬಾರ್‌ಕೋಡಿನಲ್ಲಿ ಹಿಡಿಸುತ್ತಿದ್ದುದು ಸುಮಾರು 20 ಅಕ್ಷರ, ಹಾಗಾಗಿ ಒಂದೊಂದು ಪೆಟ್ಟಿಗೆಗೂ ಹಲವು ಬಾರ್‌ಕೋಡ್ ಅಂಟಿಸಿ ಎಲ್ಲವನ್ನೂ ಸ್ಕ್ಯಾನ್ ಮಾಡಬೇಕಿತ್ತು. ಹಾರಾ ಅವರಿಗೆ ಕಪ್ಪು-ಬಿಳಿ ಕಾಯಿಗಳ 'ಗೋ' ಆಟದ ಮಣೆಯಿಂದ ಉಪಾಯ ಹೊಳೆಯಿತಂತೆ. ಸಾಲಿನ ಬದಲು ಚೌಕ. ಮೂರು ಮೂಲೆಗಳಲ್ಲಿ ಕಾಣೋ ದೊಡ್ಡ ಕಣ್ಣುಗಳಿವೆಯಲ್ಲ, ಅದರ ಕಪ್ಪು-ಬಿಳುಪಿನ ಅಳತೆ 1:1:3:1:1. ಕರಪತ್ರ, ಪತ್ರಿಕೆ, ರಟ್ಟಿನ ಡಬ್ಬಿ ಎಲ್ಲಾ ಹುಡುಕಿ, ಮುದ್ರಣದಲ್ಲಿ ಅತಿ ಕಡಿಮೆ ಕಾಣಿಸುವ ಅನುಪಾತ ಇದು ಅಂತ ಆರಿಸಿಕೊಂಡರು. ಸುತ್ತ ಏನೇ ಪ್ರಿಂಟಾಗಿದ್ದರೂ ಸ್ಕ್ಯಾನರ್ ಗಲಿಬಿಲಿಯಾಗದೆ ಕೋಡನ್ನು ಗುರುತಿಸೋದು ಇದರಿಂದಲೇ. ಪೇಟೆಂಟ್ ಇದ್ದರೂ ಕಂಪನಿ ಯಾರಿಂದಲೂ ದುಡ್ಡು ಕೇಳಲಿಲ್ಲ. 2000ದಲ್ಲಿ ಐಎಸ್‌ಒ ಮಾನಕವಾಯಿತು. ಕೋಡ್ ಮಾಡೋದು ಅವತ್ತಿಗೂ ಇವತ್ತಿಗೂ ಪುಕ್ಕಟೆಯೇ. ಮಾವನ ಹತ್ತಿರ ಕೇಳಿದ ದುಡ್ಡು ಕೋಡಿಗಲ್ಲ, ನಡುವೆ ಕೂತ ದಲ್ಲಾಳಿಗೆ!

ಮಸಿ ಬಿದ್ದರೂ ಮಡಚಿದರೂ ಓದಿಸಿಕೊಳ್ಳುವ ಗುಣ ಇದಕ್ಕೆ ಬಂದದ್ದು ರೀಡ್ ಮತ್ತು ಸಾಲೊಮನ್ ಅನ್ನೋ ಇಬ್ಬರು 1960ರಲ್ಲಿ ಪ್ರಕಟಿಸಿದ ಗಣಿತದಿಂದ. ನಾವು ಆರಿಸುವ ಮಟ್ಟಕ್ಕೆ ತಕ್ಕ ಹಾಗೆ ಸುಮಾರು 7, 15, 25 ಅಥವಾ 30 ಶೇಕಡಾ ಹಾಳಾದರೂ ನಡೆಯುತ್ತದೆ. ಸುತ್ತಲೂ ನಾಲ್ಕು ಚುಕ್ಕಿಯಷ್ಟು ಖಾಲಿ ಅಂಚು ಬಿಟ್ಟಿರಬೇಕು ಅಷ್ಟೆ. ನಮ್ಮ ಪ್ರೆಸ್ಸಿನವರು ಅದರ ಮೇಲೆ ಬಳ್ಳಿಯ ಬಾರ್ಡರ್ ಹಾಕೋಕೆ ಹೊರಟಿದ್ದರು, ತಡೆದೆ.

ಯೂನಿಕೋಡ್ ಕನ್ನಡದವರಾದ ನಮಗೆ ಇಲ್ಲೊಂದು ಸ್ವಾರಸ್ಯ ಇದೆ. ಜಪಾನಿನವರು ತಮ್ಮ ಕಾಂಜಿ ಲಿಪಿಗೆ ಕೋಡಿನೊಳಗೇ ಒಂದು ಪ್ರತ್ಯೇಕ ವ್ಯವಸ್ಥೆ ಮಾಡಿಕೊಂಡರು, ಒಂದು ಅಕ್ಷರಕ್ಕೆ 13 ಬಿಟ್. ಕನ್ನಡ ಹೋಗೋದು ಯುಟಿಎಫ್-8ರಲ್ಲಿ. ಅಕ್ಷರಕ್ಕೂ, ಕಾಗುಣಿತದ ಗುರುತಿಗೂ, ವಿರಾಮಕ್ಕೂ ತಲಾ 3 ಬೈಟ್, ಅಂದರೆ 24 ಬಿಟ್. 'ಹಾಸನ' 12 ಬೈಟ್, ಅತಿ ಚಿಕ್ಕ 21×21 ಚೌಕದಲ್ಲಿ ಹಿಡಿಸುತ್ತೆ. 'ಹೊಳೆನರಸೀಪುರ' 33 ಬೈಟ್. ಮುಂದಿನ 25×25 ಚೌಕದಲ್ಲಿ ಹೆಚ್ಚೆಂದರೆ 32 ಬೈಟ್. ಒಂದೇ ಒಂದು ಬೈಟಿಗೆ ಊರು ಹೊರಗೆ! 29×29ಕ್ಕೆ ಹೋಗಬೇಕು. ಅದೇ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೆ 14 ಅಕ್ಷರ, ಅತಿ ಚಿಕ್ಕ ಚೌಕದಲ್ಲೇ ಕೂತುಬಿಡುತ್ತೆ. ಹಾಗಂತ ಕನ್ನಡ ಬಿಡಬೇಕಾಗಿಲ್ಲ, ಕೋಡು ಸ್ವಲ್ಪ ದೊಡ್ಡದಾಗಿ ಪ್ರಿಂಟ್ ಮಾಡಿಸಿದರಾಯ್ತು. ಆದರೆ ಯಾರ ಲಿಪಿಗೆ ಜಾಗ ಮೊದಲೇ ಕಾದಿರಿಸಿತ್ತು ಅನ್ನೋದು ಗೊತ್ತಿರಲಿ.

ಈಗ ರೈಸ್ ಸಾಹೇಬರ ವಿಷಯಕ್ಕೆ ಬರ್ತೀನಿ. ಕಾಗದದ ಮೇಲೆ ಒಂದು ಪುಟ್ಟ ಗುರುತು ಇಟ್ಟು, ಅದರಿಂದ ಬೇರೆ ಕಡೆ ಇರುವ ವಸ್ತುವಿಗೆ ದಾರಿ ತೋರಿಸೋ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೇ ಸಂಪುಟವಾಗಿ 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದರು. ತಾಲ್ಲೂಕುವಾರು ನಂಬರ್ ಕೊಟ್ಟರು. ಸಿಎನ್ ಅಂದರೆ ಚನ್ನರಾಯಪಟ್ಟಣ, ಎಜಿ ಅಂದರೆ ಅರಕಲಗೂಡು. ಎರಡು ಅಕ್ಷರ, ಒಂದು ಸಂಖ್ಯೆ. ಅದನ್ನು ಹಿಡಿದು ಹೋದರೆ ಯಾವುದೋ ಹಳ್ಳಿಯ ದೇವಸ್ಥಾನದ ಮುಂದೆ ನಿಂತಿರೋ ಕಲ್ಲು. ನೂರಕ್ಕೂ ಹೆಚ್ಚು ವರ್ಷದಿಂದ ಇತಿಹಾಸದ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಈ ಗುರುತುಗಳು ಕೆಲಸ ಮಾಡುತ್ತಿವೆ.

ಹಾಗಾದರೆ ನಂಬರ್ ಬದಲಾಗಲೇ ಇಲ್ವಾ? ಬದಲಾಯ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ್ದನ್ನೇ ನೋಡಿ. ರೈಸ್ 1889ರ ಸಂಪುಟದಲ್ಲಿ ಕೊಟ್ಟಿದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500 ಆಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ 1973ರ ಸಂಪುಟದಲ್ಲಿ 573. ಇಷ್ಟೊಂದು ಹೊಸದು ಸೇರಿದರೆ ಹಳೇ ನಂಬರ್ ಉಳಿಯೋದಿಲ್ಲ. ಆದರೆ ನರಸಿಂಹಾಚಾರ್ಯರು ಮಾಡಿದ್ದು ನೋಡಿ: ಹೊಸ ನಂಬರಿನ ಪಕ್ಕದಲ್ಲೇ ಕಂಸದೊಳಗೆ ರೈಸರ ಹಳೇ ನಂಬರನ್ನೂ ಅಚ್ಚು ಮಾಡಿಸಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೀಡೈರೆಕ್ಟ್! ಅದಕ್ಕೆ ಸರ್ವರ್ ಬೇಡ, ಟ್ರಯಲ್ ಅವಧಿ ಇಲ್ಲ, ಪುಸ್ತಕ ಇದ್ದರೆ ಸಾಕು.

ನಾವಾದರೋ 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಎಷ್ಟೋ ಪುಟಗಳಿಗಿದ್ದ ದಾರಿ ಕಳಕೊಂಡವರು. ಇವತ್ತು ಪುಸ್ತಕ, ಪಾಂಪ್ಲೆಟ್, ದೇವಸ್ಥಾನದ ಬೋರ್ಡು ಎಲ್ಲದರ ಮೇಲೂ ಕ್ಯೂಆರ್ ಅಚ್ಚಾಗ್ತಿದೆ. ಅದರೊಳಗೆ ಏನಿದೆ ಅಂತ ಎಷ್ಟು ಜನ ನೋಡಿರ್ತೀವಿ? ಹಾಸನದ ಸಂತೆಪೇಟೆಯ ಅಂಗಡಿಯವನು ತೂಗುಹಾಕಿರೋ ಯುಪಿಐ ಕೋಡ್ ನಮ್ಮದಕ್ಕಿಂತ ಗಟ್ಟಿ, ಅದರೊಳಗೆ ಅವನ ಐಡಿಯೇ ಇರುತ್ತೆ, ದಲ್ಲಾಳಿ ಲಿಂಕ್ ಅಲ್ಲ. ಶಾಲೆಯ ಪಠ್ಯಪುಸ್ತಕದಲ್ಲಿರೋ ದೀಕ್ಷಾ ಕೋಡಿನ ಕೆಳಗೆ ಆರು ಅಕ್ಷರದ ಗುರುತು ಕೂಡ ಅಚ್ಚಾಗಿರುತ್ತೆ, ಕ್ಯಾಮೆರಾ ಇಲ್ಲದಿದ್ದರೆ ಟೈಪ್ ಮಾಡಬಹುದು. ಇದು ರೈಸ್ ಸಾಹೇಬರ ದಾರಿ.

ನಾನು ಕೊನೆಗೆ ಮಾಡಿದ್ದೂ ಅದನ್ನೇ. ಮ್ಯಾಪಿನ ವಿಳಾಸವನ್ನೇ ನೇರವಾಗಿ ತುಂಬಿದ 'ಸ್ಟ್ಯಾಟಿಕ್' ಕೋಡ್ ಮಾಡಿದೆ. ಕೆಳಗೆ ಛತ್ರದ ಹೆಸರು, ರಸ್ತೆ, ಗುರುತಿನ ಜಾಗ ಎಲ್ಲಾ ಕನ್ನಡದಲ್ಲಿ ಬರೆದೆ. ಸ್ಟಿಕರ್ ಮಾಡಿಸಿ, ಇನ್ನೂ ಹಂಚದೆ ಉಳಿದಿದ್ದ ಪತ್ರಿಕೆಗಳಿಗೆ ಅಪ್ಪ ಅಮ್ಮನ ಜೊತೆ ರಾತ್ರಿಯೆಲ್ಲಾ ಕೂತು ಅಂಟಿಸಿದೆ. ಹಂಚಿಬಿಟ್ಟಿದ್ದ ಮನೆಗಳಿಗೆ ಅಪ್ಪ ಒಬ್ಬೊಬ್ಬರಿಗೇ ಫೋನ್ ಮಾಡಿ "ಅದು ದುಡ್ಡು ಕೇಳಿದ್ದಲ್ಲ ಕಣ್ರೀ" ಅಂತ ಹೇಳಬೇಕಾಯ್ತು. ಆ ಫೋನುಗಳನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದು ಮರೆಯೋದಿಲ್ಲ.

ನೀವೂ ಪುಸ್ತಕ ಅಚ್ಚು ಹಾಕಿಸ್ತಿದ್ದರೆ, ಊರಿನ ಶಾಸನಕ್ಕೆ ಬೋರ್ಡ್ ಬರೆಸ್ತಿದ್ದರೆ, ಕೋಡಿನ ಕೆಳಗೆ ಮನುಷ್ಯರು ಓದೋ ಹಾಗೆ ಒಂದು ಸಾಲು ಬರೆಸಿ.

ಅಂದಹಾಗೆ, ಅರಕಲಗೂಡಿನ ಮಾವ ಮುಯ್ಯಿಯನ್ನು ಕವರಿನಲ್ಲೇ ಕೊಟ್ಟರು :-)