ಗಟ್ಟಿಶಿಲಾ ಜಲಧರ

ಗ್ರಾನೈಟ್, ನೈಸ್‌ನಂಥ ಗಟ್ಟಿಶಿಲೆಗಳ ಶಿಥಿಲ ಪದರ ಹಾಗೂ ಬಿರುಕುಗಳಲ್ಲಿ ಅಂತರ್ಜಲ ಸಂಗ್ರಹವಾಗುವ ನೆಲೆ. ಕೋಲಾರ, ಚಿಕ್ಕಬಳ್ಳಾಪುರ ಸೇರಿ ಕರ್ನಾಟಕದ ಬಹುಭಾಗದ ಜಲಧರಗಳು ಈ ಬಗೆಯವು. ಶಿಥಿಲ ಪದರ ಮಳೆನೀರನ್ನು ಹೀರಿ ತೆರೆದ ಬಾವಿಗಳಿಗೆ ಒದಗಿಸುತ್ತದೆ. ಅದರ ಕೆಳಗೆ ನೀರು ಬಿರುಕುಗಳಲ್ಲಷ್ಟೇ ಹರಿಯುವುದರಿಂದ, ಅಕ್ಕಪಕ್ಕದ ಎರಡು ಕೊಳವೆಬಾವಿಗಳಲ್ಲಿ ಒಂದರಲ್ಲಿ ನೀರಿದ್ದು ಇನ್ನೊಂದು ಬರಿದಾಗಿರಬಹುದು.

ಕೊಳವೆಬಾವಿಗೆ ಜಾಗ ಗುರುತಿಸಲು ಭೂಮಿಗೆ ವಿದ್ಯುತ್ ಹಾಯಿಸಿ ಪದರಗಳ ರೋಧವನ್ನು ಅಳೆದು, ಶಿಥಿಲ ಪದರದ ದಪ್ಪ ಮತ್ತು ಬಿರುಕುಗಳ ಸಾಧ್ಯತೆಯನ್ನು ಅಂದಾಜಿಸುತ್ತಾರೆ. ಕೊರೆಯುವಾಗ ಸಂಕುಚಿತ ಗಾಳಿಯಿಂದ ನಡೆಯುವ ಸುತ್ತಿಗೆ ಬಂಡೆಯನ್ನು ಪುಡಿಮಾಡುತ್ತದೆ. ಅದೇ ಗಾಳಿ ಪುಡಿಯನ್ನು ಮೇಲಕ್ಕೆ ತಳ್ಳುತ್ತದೆ. ಸಡಿಲ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಪಂಪ್ ಪರೀಕ್ಷೆಯಿಂದ ಬಾವಿಯ ನೀರಿನ ಇಳುವರಿ ತಿಳಿಯುತ್ತದೆ. ಮರುಪೂರಣವನ್ನು ಮೀರಿ ನೀರೆತ್ತಿದರೆ ಜಲಮಟ್ಟ ಕುಸಿಯುತ್ತದೆ. ರಾಜ್ಯದ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿ ಕೊರೆಯಲು 2011ರ ಅಂತರ್ಜಲ ಕಾಯ್ದೆಯಡಿ ಅನುಮತಿ ಅಗತ್ಯ.