ಹಗೇವಿನ ಜೋಳ, ಸುಲ್ತಾನನ ಎತ್ತುಗಳು

ನಮ್ಮ ಅಫಜಲಪುರ ಸೀಮೆಯ ಹಿರಿಯರಿಗೆ ಹಗೇವು ಎಂಬ ಶಬ್ದವನ್ನು ವಿವರಿಸಬೇಕಾಗಿಲ್ಲ. ನೆಲದೊಳಗೆ ತೋಡಿದ ಆ ಕಣಜಕ್ಕೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಗಾಳಿಯಾಡದ ಕತ್ತಲಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆ ಬಂದ ವರ್ಷದ ಹೆಚ್ಚುವರಿಯು ಮಳೆ ಬಾರದ ವರ್ಷದ ಅನ್ನವಾಗುತ್ತಿತ್ತು. ಇಂದು ‘ಆರ್ಥಿಕ ಭದ್ರತೆ’, ‘ಆಪತ್ತಿನ ನಿರ್ವಹಣೆ’ ಎಂಬ ದೊಡ್ಡ ಹೆಸರುಗಳಿಂದ ಕರೆಯಲಾಗುವ ವಿದ್ಯೆಯನ್ನು ನಮ್ಮ ಅಜ್ಜಂದಿರು ಅಂಗಳದಲ್ಲಿಯೇ ಹೂತಿಟ್ಟಿದ್ದರು.

ಈ ವಿದ್ಯೆಯ ಪ್ರಾಚೀನ ಪಾಠ ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿದೆ. ಏಳು ವರ್ಷಗಳ ಸುಭಿಕ್ಷದಲ್ಲಿ ತಿನ್ನುವಷ್ಟನ್ನು ಮಾತ್ರ ಬಿಡಿಸಿಕೊಂಡು ಉಳಿದುದನ್ನು ತೆನೆಯಲ್ಲಿಯೇ ಇರಿಸುವಂತೆ ಪ್ರವಾದಿ ಯೂಸುಫ್(ಅ) ಸೂಚಿಸುತ್ತಾರೆ. ಆ ಬಳಿಕದ ಏಳು ಕಠಿಣ ವರ್ಷಗಳಲ್ಲಿಯೂ ಎಲ್ಲವನ್ನೂ ತಿಂದು ಮುಗಿಸದೆ ಸ್ವಲ್ಪವನ್ನು ಕಾಯ್ದಿಡುವ ಪ್ರಸ್ತಾಪ ಅಲ್ಲಿದೆ. ಹಸಿವಿನ ಮಧ್ಯದಲ್ಲಿಯೂ ಬಿತ್ತುವ ಬೀಜವನ್ನು ಮುಟ್ಟಬಾರದೆಂಬುದು ಇದರ ತಾತ್ಪರ್ಯ. ರೈತನಿಗೆ ಅದು ಬೀಜ, ವ್ಯಾಪಾರಿಗೆ ಮೂಲ ಬಂಡವಾಳ.

ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಈ ಪಾಠಕ್ಕೆ ಪರೀಕ್ಷೆಯ ಕಾಲವೊಂದು ಬಂದಿತ್ತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಗೊಂಡಾಗ ಕಲಬುರಗಿ ಅದರ ರಾಜಧಾನಿಯಾಯಿತು. ಎರಡನೆಯ ಮುಹಮ್ಮದ್ ಶಾಹನು 1378ರಿಂದ 1397ರವರೆಗೆ ಆಳಿದನು. ಯುದ್ಧಕ್ಕಿಂತ ವಿದ್ಯೆಯಲ್ಲಿ ಆಸಕ್ತನಾಗಿದ್ದ ಈ ಸುಲ್ತಾನನ ಕಾಲದಲ್ಲಿ ದಖ್ಖನಿಗೆ ಘೋರ ಕ್ಷಾಮ ಬಂದೆರಗಿತು. ಸುಮಾರು ಇನ್ನೂರು ವರ್ಷಗಳ ನಂತರ ಬಿಜಾಪುರದಲ್ಲಿದ್ದು ಪಾರ್ಸಿಯಲ್ಲಿ ಇತಿಹಾಸ ಬರೆದ ಫಿರಿಷ್ತಾ ಆ ದಿನಗಳ ಕುರಿತು ಹೇಳುತ್ತಾನೆ. ಸುಲ್ತಾನನ ಎತ್ತುಗಳ ದೊಡ್ಡ ಹಿಂಡುಗಳು ಗುಜರಾತ್ ಮತ್ತು ಮಾಳ್ವಗಳಿಗೆ ಹೋಗಿ ಬರುತ್ತ ಧಾನ್ಯ ಹೊತ್ತು ತಂದವು; ಆ ಧಾನ್ಯವನ್ನು ಅಗ್ಗದ ದರದಲ್ಲಿ ಮಾರಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಸುಲ್ತಾನನು ಬೆಲೆ ಇಳಿಯಲೆಂದು ಬರಿದೇ ಆಜ್ಞೆ ಹೊರಡಿಸಲಿಲ್ಲ. ಕಾಳಿಲ್ಲದ ಪೇಟೆಗೆ ಆಜ್ಞೆಯಿಂದ ಕಾಳು ಬರುವುದಿಲ್ಲ. ಬರವಿಲ್ಲದ ನಾಡಿನಿಂದ ಬರವಿರುವ ನಾಡಿಗೆ ಧಾನ್ಯ ಸಾಗಿಸುವುದೇ ಪರಿಹಾರವೆಂದು ಅವನು ಅರಿತಿದ್ದನು. ಇದೇ ಸುಲ್ತಾನನು ಕಲಬುರಗಿ, ಬೀದರ್, ದೌಲತಾಬಾದ್ ಮುಂತಾದ ನಗರಗಳಲ್ಲಿ ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, ಊಟ ವಸತಿಗಳ ವೆಚ್ಚವನ್ನು ರಾಜ್ಯದ ಬೊಕ್ಕಸದಿಂದ ಭರಿಸಿದನು.

ಆದರೆ ಇತಿಹಾಸವನ್ನು ಅಭಿಮಾನಕ್ಕಾಗಿ ಮಾತ್ರ ಓದಬಾರದು. ಆ ಅಗ್ಗದ ಧಾನ್ಯ ಯಾರಿಗೆ ದೊರೆಯಿತು? ಫಿರಿಷ್ತಾನ ಕೃತಿಯನ್ನು 1829ರಲ್ಲಿ ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್ ‘ಜನರಿಗೆ’ ಎನ್ನುತ್ತಾನೆ. ಇತಿಹಾಸಕಾರ ವುಲ್ಸ್‌ಲಿ ಹೇಗ್ ‘ಮುಸ್ಲಿಮರಿಗೆ ಮಾತ್ರ’ ಎಂದು ಬರೆದು ಸುಲ್ತಾನನನ್ನು ಟೀಕಿಸುತ್ತಾನೆ. ಹೇಗ್ ಹೇಳಿದ್ದೇ ನಿಜವಾಗಿದ್ದರೆ ಅದನ್ನು ಸಮರ್ಥಿಸುವ ಹೊಣೆ ನಮಗಿಲ್ಲ. ನಮ್ಮ ಅಳತೆಗೋಲು ಸುಲ್ತಾನರಲ್ಲ.

ಅಳತೆಗೋಲು ಬೇಕಿದ್ದರೆ ಖಲೀಫಾ ಉಮರ್(ರ)ರನ್ನು ನೋಡೋಣ. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬರಿಗೆ ಅವರು ಬೈತುಲ್ ಮಾಲ್‌ನಿಂದ ನೆರವು ಗೊತ್ತುಮಾಡಿದ್ದನ್ನು ಇಮಾಮ್ ಅಬೂ ಯೂಸುಫ್ ‘ಕಿತಾಬುಲ್ ಖರಾಜ್’ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹಿಜರಿ 18ರ ಬರಗಾಲದಲ್ಲಿ ಅವರು ಸಿರಿಯಾದಿಂದ ಆಹಾರ ತರಿಸಿದರು. ಜನರಿಗೆ ಸಿಗದ ತುಪ್ಪವನ್ನು ತಾವೂ ತ್ಯಜಿಸಿದರು. ಝಕಾತ್ ವಸೂಲಿಯನ್ನು ಮುಂದೂಡಿದರು. ಹಸಿವಿಗೆ ಜಾತಿಯಿಲ್ಲ, ಆದ್ದರಿಂದ ಅನ್ನಕ್ಕೂ ಇರಬಾರದು.

2020ರ ಅಕ್ಟೋಬರಿನಲ್ಲಿ ಉಜನಿ ಜಲಾಶಯದ ನೀರು ಹರಿದು ಬಂದು, ಸೊನ್ನ ಬ್ಯಾರೇಜ್ ದಾಟಿ ಭೀಮೆ ದಡ ಮೀರಿದಾಗ ನಮ್ಮ ಹಳ್ಳಿಗಳು ಈ ಪಾಠವನ್ನು ಮತ್ತೆ ಕಲಿತವು. ನದಿ ದಂಡೆಯ ಊರೊಂದರ ಕಿರಾಣಿ ವ್ಯಾಪಾರಿಯೊಬ್ಬರು ಆಗ ನನ್ನೊಡನೆ ಹೇಳಿದ ಮಾತು ಮರೆಯಲಾಗದು: “ಮೌಲಾನಾ, ಅಕ್ಕಿ ಚೀಲ ಹೋದದ್ದಕ್ಕ ದುಃಖಿಲ್ಲ. ಉದ್ರಿ ಬರೆದಿಟ್ಟ ವಹಿ ನೀರಾಗ ಹೋತು. ಯಾರ ಕಡಿಂದ ಎಷ್ಟು ಬರಬೇಕಂತ ಈಗ ಯಾರ್ನ ಕೇಳ್ಲಿ?” ಸಾಲದ ವ್ಯವಹಾರವನ್ನು ಬರೆದಿಡಿರೆಂದು ಆದೇಶಿಸುವ ವಚನವೇ ಕುರ್‌ಆನಿನ ಅತಿ ದೀರ್ಘ ವಚನ. ಬರೆದದ್ದರ ಪ್ರತಿಯೊಂದನ್ನು ಬೇರೆಡೆ ಇಡುವ ಎಚ್ಚರವೂ ಆ ಆದೇಶದ ಆಶಯಕ್ಕೆ ಸೇರಿದ್ದೇ ಅಲ್ಲವೇ?

ಇಂದು ಹಗೇವುಗಳು ಮುಚ್ಚಿಹೋಗಿವೆ. ಅನೇಕರ ಬದುಕು ತೊಗರಿಯೆಂಬ ಒಂದೇ ಬೆಳೆಯ ದರವನ್ನು ನೆಚ್ಚಿದೆ. ಸುಗ್ಗಿಯ ಹಣ ಮದುವೆಯ ಆಡಂಬರದಲ್ಲಿ ಕರಗುತ್ತದೆ. ಬೀಜಕ್ಕೆ, ಗೊಬ್ಬರಕ್ಕೆ, ಅಂಗಡಿಯ ಸರಕಿಗೆ ಮತ್ತೆ ಸಾಲ. ಹಗೇವನ್ನು ಮರಳಿ ತೋಡಲು ಆಗದಿರಬಹುದು, ಆದರೆ ಅದರ ವಿವೇಕವನ್ನು ಮರಳಿ ಪಡೆಯಬಹುದು. ಪ್ರತಿ ಮನೆ ಗಳಿಕೆಯ ಒಂದು ಪಾಲನ್ನು ಆಪತ್ಕಾಲಕ್ಕೆ ತೆಗೆದಿಡಲಿ. ಪ್ರತಿ ಮೊಹಲ್ಲಾದ ಜಮಾಅತ್ ಬಡ್ಡಿಯಿಲ್ಲದ ಸಾಲನಿಧಿಯೊಂದನ್ನು ಕಟ್ಟಲಿ. ನೆರೆ ಬಂದ ದಿನ ಅದರ ಬಾಗಿಲು ಎಲ್ಲ ನೆರೆಯವರಿಗೂ ತೆರೆದಿರಲಿ.

ಒಂದು ಎಚ್ಚರಿಕೆಯಂತೂ ಅಗತ್ಯ. ಉಳಿಸುವುದು ಬೇರೆ, ಬೆಲೆ ಏರಲೆಂದು ಬಚ್ಚಿಡುವುದು ಬೇರೆ. ಎರಡನೆಯದನ್ನು ಪ್ರವಾದಿ(ಸ)ರು ಪಾಪವೆಂದಿದ್ದಾರೆ. ನಾವು ಕೂಡಿಟ್ಟದ್ದು ಯಾವುದಕ್ಕೆ ಸೇರಿದ್ದೆಂಬುದು ಬರಗಾಲದಲ್ಲಿ ಅದರ ಬಾಯಿ ಯಾರಿಗಾಗಿ ತೆರೆಯಿತು ಎಂಬುದರಿಂದ ತಿಳಿಯುತ್ತದೆ. ಆ ದಿನ ಬಾಯಿ ತೆರೆಯುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.